ಒಬ್ಬನ ಸೆರೆ, ಬಹುಜನರ ದುಃಖ

ಜೈಲಿಗೆ ‘ಮಾವನ ಮನೆ’ ಎನ್ನುವ ತಮಾಷೆ ನಮ್ಮ ಕಡೆ ಬಹಳ ಹಳೆಯದು. ಯಾವನೋ ಹೊಡೆದಾಟ ಮಾಡಿಕೊಂಡು ನಾಲ್ಕು ದಿನ ಒಳಗಿದ್ದು ಬಂದರೆ, ‘ಮಾವನ ಮನಿ ಊಟ ಹೆಂಗಿತ್ತಪಾ?’ ಎಂದು ಕಟ್ಟೆಯ ಮೇಲೆ ಕುಳಿತವರು ಕೇಳುತ್ತಾರೆ, ಅವನೂ ನಗುತ್ತಾನೆ. ಈ ತಮಾಷೆಯನ್ನು ಹೆಂಗಸರು ಮಾಡಿದ್ದನ್ನು ನಾನು ಕೇಳಿಲ್ಲ. ಮಾಡುವುದಾದರೂ ಹೇಗೆ? ಗಂಡನೋ ಮಗನೋ ‘ಮಾವನ ಮನೆ’ ಸೇರಿದ ದಿನದಿಂದ ವಕೀಲರ ಫೀಸಿಗೆಂದು ಆಡು ಮಾರುವವಳು ಅವಳು, ಕಿವಿಯ ಬೆಂಡೋಲೆ ಒತ್ತೆ ಇಡುವವಳು ಅವಳು, ‘ಜಾಮೀನಿಗೆ ನಿಂದರ್ರೀ ಯಪ್ಪಾ’ ಎಂದು ಹೊಲದ ಪಹಣಿ ಇದ್ದವರ ಮನೆ ಬಾಗಿಲಿಗೆ ಹೋಗಿ ನಿಲ್ಲುವವಳೂ ಅವಳೇ. ಸಿಂಧನೂರು, ಲಿಂಗಸುಗೂರಿನ ಕೋರ್ಟುಗಳ ಮುಂದೆ ವಾಯಿದೆಯ ದಿನ ಹೋಗಿ ನೋಡಿದರೆ, ರೊಟ್ಟಿಯ ಗಂಟು ಹಿಡಿದು ಬೇವಿನ ಮರದ ನೆರಳಿಗೆ ಕುಳಿತ ಹೆಂಗಸರು ಕಾಣುತ್ತಾರೆ. ಅವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಅವರು ಆರೋಪಿಗಳಲ್ಲ, ಸಾಕ್ಷಿಗಳಲ್ಲ, ಫಿರ್ಯಾದಿಗಳೂ ಅಲ್ಲ. ಆದರೂ ಶಿಕ್ಷೆಯಲ್ಲಿ ಅವರ ಪಾಲು ಇದ್ದೇ ಇದೆ.

ಒಬ್ಬನನ್ನು ಕೂಡಿಹಾಕಿದರೆ ಅವನ ಹಿಂದೆ ಇರುವ ಇಷ್ಟು ಜನ ನೋಯುತ್ತಾರೆ ಎಂಬುದನ್ನು ಆಳುವವರು ಎಂದಾದರೂ ಯೋಚಿಸಿದ್ದುಂಟೇ? ಉಂಟು. ಆ ಮಾತು ನಮ್ಮ ಸೀಮೆಯ ಕಲ್ಲಿನ ಮೇಲೆಯೇ ಇದೆ.

ಮಸ್ಕಿಯ ಹೆಸರನ್ನು ಶಾಲೆಯ ಇತಿಹಾಸ ಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ. ಬಹುಕಾಲ ಲಿಂಗಸುಗೂರು ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಊರು ಇದು. 1915ರಲ್ಲಿ ಇಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರಗಳು ಬಿದ್ದವು. ಅಲ್ಲಿಯವರೆಗೆ ದೇಶದ ನಾನಾ ಕಡೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಕಾಣುತ್ತಿತ್ತು. ಆ ದೇವಾನಾಂಪ್ರಿಯನೇ ಅಶೋಕ ಎಂದು ವಿದ್ವಾಂಸರು ಬೌದ್ಧ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಹೆಸರನ್ನೇ ಹೇಳಿ ಸಂಶಯ ಕಳೆದದ್ದು ಮಸ್ಕಿಯ ಬಂಡೆ. ಅದರಲ್ಲಿರುವ ಸಂದೇಶ ಚಿಕ್ಕದು. ಧರ್ಮದಲ್ಲಿ ಮನಸ್ಸಿಟ್ಟರೆ ಅಲ್ಪನಾದವನೂ ಮೇಲಿನ ಪದವಿಯನ್ನು ಪಡೆಯಬಲ್ಲ, ದೊಡ್ಡವರಿಗೆ ಮಾತ್ರ ಅದು ಸಾಧ್ಯ ಎಂದು ಯಾರೂ ತಿಳಿಯಬಾರದು ಎಂಬುದು ಅದರ ಸಾರ.

ಸೆರೆಯವರ ವಿಷಯ ಮಸ್ಕಿಯ ಬಂಡೆಯಲ್ಲಿಲ್ಲ. ಅದಕ್ಕೆ ನಾವು ಕೃಷ್ಣೆಯನ್ನು ದಾಟಿ, ಕಲಬುರಗಿ ಜಿಲ್ಲೆಯ ಭೀಮಾ ತೀರದಲ್ಲಿರುವ ಸನ್ನತಿಗೆ ಹೋಗಬೇಕು. ಚಂದ್ರಲಾಂಬೆಯ ಕ್ಷೇತ್ರವೆಂದು ನಮ್ಮ ಕಡೆಯ ಹೆಂಗಸರು ಹರಕೆ ಹೊತ್ತು ಹೋಗುವ ಊರು. 1980ರ ದಶಕದಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ಆಮೇಲೆ ಪರಿಶೀಲಿಸಿದಾಗ ಅದರ ಎರಡೂ ಬದಿಗೆ ಅಶೋಕನ ಶಾಸನ ಇರುವುದು ಬೆಳಕಿಗೆ ಬಂತು. ಅದರಲ್ಲಿ ‘ಪ್ರತ್ಯೇಕ ಶಾಸನ’ಗಳೆಂದು ಇತಿಹಾಸಕಾರರು ಕರೆಯುವ ಎರಡು ಶಾಸನಗಳ ಭಾಗಗಳಿವೆ. ಅದಕ್ಕೆ ಮುಂಚೆ ಇವು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದವು.

ಮೊದಲನೆಯ ಪ್ರತ್ಯೇಕ ಶಾಸನ ಪ್ರಜೆಗಳಿಗೆ ಬರೆದದ್ದಲ್ಲ, ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದದ್ದು. ಎಲ್ಲ ಜನರೂ ನನ್ನ ಮಕ್ಕಳು ಎಂದು ಹೇಳುವ ಅರಸ ಅಲ್ಲಿಂದ ನೇರವಾಗಿ ಬಂಧನದ ವಿಚಾರಕ್ಕೆ ಬರುತ್ತಾನೆ. ಒಬ್ಬ ಮನುಷ್ಯ ಕಾರಣವಿಲ್ಲದೆ ಸೆರೆಗೆ ಬೀಳುವುದುಂಟು, ಹಿಂಸೆಗೆ ಒಳಗಾಗುವುದುಂಟು. ಆಗ ಅವನಲ್ಲದೆ ಬೇರೆ ಎಷ್ಟೋ ಜನ ಅದರಿಂದ ದುಃಖಪಡುತ್ತಾರೆ ಎನ್ನುತ್ತಾನೆ. ಹೀಗಾಗುವುದು ಯಾವುದರಿಂದ ಎಂದು ಪಟ್ಟಿಯನ್ನೂ ಕೊಡುತ್ತಾನೆ: ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಆಲಸ್ಯ, ದಣಿವು. ಅಧಿಕಾರಿಗೆ ದಣಿವಾದರೂ ಬಡವನಿಗೆ ಸೆರೆಯಾಗಬಹುದು ಎಂಬ ಈ ಮಾತನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ವಾಯಿದೆಯ ಮೇಲೆ ವಾಯಿದೆ ಬೀಳುವ ಇಂದಿನ ಕಟಕಟೆಗೂ ಈ ಪಟ್ಟಿ ಸರಿಹೊಂದುತ್ತದೆ. ಬೇವಿನ ಮರದ ಕೆಳಗೆ ಕುಳಿತ ಆ ಹೆಂಗಸರು, ಅಶೋಕ ಹೇಳಿದ ‘ಬೇರೆ ಎಷ್ಟೋ ಜನ’ರಲ್ಲಿ ಸೇರಿದವರು.

ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಬಂಡೆ ಶಾಸನಗಳಲ್ಲಿ ಇನ್ನೊಂದು ವಿವರವಿದೆ. ಧರ್ಮ ಮಹಾಮಾತ್ರರೆಂಬ ಅಧಿಕಾರಿಗಳು ಸೆರೆಯಲ್ಲಿರುವವರ ಯೋಗಕ್ಷೇಮ ನೋಡಬೇಕು. ಮಕ್ಕಳೊಂದಿಗರಾದವರು, ಮುದುಕರಾದವರು ಇದ್ದರೆ ಅವರ ಬಿಡುಗಡೆಗೆ ಯತ್ನಿಸಬೇಕು ಎಂದು. ಉತ್ತರದ ಸ್ತಂಭ ಶಾಸನಗಳಲ್ಲಿ, ಪಟ್ಟಕ್ಕೆ ಬಂದ 26 ವರ್ಷಗಳಲ್ಲಿ 25 ಬಾರಿ ಸೆರೆಯವರನ್ನು ಬಿಡಿಸಿದ್ದಾಗಿ ಅವನೇ ಹೇಳಿಕೊಂಡಿದ್ದಾನೆ. ಮರಣದಂಡನೆಗೆ ಒಳಗಾದವರಿಗೆ ಮೂರು ದಿನದ ಅವಧಿ ಕೊಟ್ಟಿದ್ದಾನೆ. ಮರಣದಂಡನೆಯನ್ನು ಮಾತ್ರ ತೆಗೆದುಹಾಕಲಿಲ್ಲ.

ಇದೆಲ್ಲ ದೊಡ್ಡ ಮಾತೇ. ಆದರೂ ಇದು ಅರಸನ ಕರುಣೆ. ಕರುಣೆ ಮೇಲಿನಿಂದ ಬರಬೇಕು. ಕೆಳಗಿನವನು ಕೈಯೊಡ್ಡಬಹುದು, ಕೇಳಿ ಪಡೆಯಲಾರ. ಆ ಅರಸನ ಮನಸ್ಸು ಹೋದರೆ ಅದೂ ಹೋಯಿತು.

ಇದಕ್ಕೆ ನಮ್ಮ ಎಡೆದೊರೆ ನಾಡಿನ ಪಕ್ಕದಲ್ಲೇ ಒಂದು ನಿದರ್ಶನವಿದೆ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ನಿಂತ. ಲಿಂಗಸುಗೂರಿನಲ್ಲಿದ್ದ ದಂಡು ಸುರಪುರದ ಮೇಲೆ ಹೋಯಿತು. ಯುವಕ ರಾಜ ಸೆರೆಯಾದ. ಸೈನಿಕ ನ್ಯಾಯಮಂಡಲಿ ಮೊದಲು ಮರಣದಂಡನೆ ವಿಧಿಸಿತು. ಹೈದರಾಬಾದಿನ ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರು ಮಾಡಿದ. ಗವರ್ನರ್ ಜನರಲ್ ಅದನ್ನೂ ಇಳಿಸಿ ಮದ್ರಾಸಿನ ಹತ್ತಿರದ ಚೆಂಗಲ್‌ಪೇಟೆಯ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ತಂದ. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ ರಾಜ ಗುಂಡೇಟಿನಿಂದ ಸತ್ತ. ಒಂದೇ ತಪ್ಪಿಗೆ ಮೂರು ಶಿಕ್ಷೆ, ಮೂರೂ ಮೂವರ ಮರ್ಜಿ. ಅವನು ಮೇಲಿನ ಕೋರ್ಟಿಗೆ ಹಕ್ಕಿನಿಂದ ಹೋಗಿ ಕೇಳುವಂಥ ಬಾಗಿಲು ಯಾವುದೂ ಇರಲಿಲ್ಲ. ರಾಜನ ಪಾಡೇ ಇದಾದರೆ ಕೂಲಿಯವನ ಪಾಡನ್ನು ಕೇಳುವವರಾರು? ಮುಂದೆ 1894ರಲ್ಲಿ ಇಂಗ್ಲಿಷರು ಮಾಡಿದ ಕಾರಾಗೃಹ ಕಾಯಿದೆಯೂ ಬೀಗ, ಬೇಡಿ, ಶಿಸ್ತುಗಳ ಲೆಕ್ಕವನ್ನೇ ಹೆಚ್ಚಾಗಿ ಹೇಳಿತು.

1950ರ ಜನವರಿ 26ರಂದು ಸಂವಿಧಾನ ಬಂತು. ಅಲ್ಲಿಗೆ ಹದಿನಾರು ತಿಂಗಳ ಹಿಂದಷ್ಟೇ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾಗಿದ್ದ ನಮ್ಮ ರಾಯಚೂರು ಜಿಲ್ಲೆಗೂ ಅದರ 21ನೆಯ ಅನುಚ್ಛೇದ ಅನ್ವಯಿಸಿತು. ಕಾನೂನು ವಿಧಿಸಿದ ಕ್ರಮದಿಂದಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಕೂಡದು ಎಂಬ ಆ ಒಂದು ವಾಕ್ಯದಲ್ಲಿ ಕರುಣೆ ಹಕ್ಕಾಯಿತು. ಕಾಗದದ ಮೇಲೆ ಆಯಿತು ಎನ್ನಬೇಕು. ಅದು ಜೈಲಿನ ಗೋಡೆ ದಾಟಿ ಒಳಗೆ ಹೋಗಲು ಇನ್ನೂ ಸುಮಾರು ಮೂವತ್ತು ವರ್ಷ ಹಿಡಿಯಿತು. ದಾಟಿಸಿದ್ದು ತುರ್ತು ಪರಿಸ್ಥಿತಿಯ ಕಹಿ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಹಿಡಿದು ಅಲ್ಲಿನ ಸೆಂಟ್ರಲ್ ಜೈಲಿಗೆ ಹಾಕಿದರು. ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಕೊಂಡರು. ‘ಈ ಮನುಷ್ಯನನ್ನು ಯಾವ ಆಧಾರದ ಮೇಲೆ ಹಿಡಿದಿಟ್ಟಿದ್ದೀರಿ, ತೋರಿಸಿ’ ಎಂದು ಸರ್ಕಾರವನ್ನು ಕೇಳುವ ಅರ್ಜಿ ಅದು. ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳಿಂದ ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿಯಲ್ಲಿ ಹಾಗೆ ಕೇಳುವ ಹಕ್ಕು ಯಾರಿಗೂ ಇಲ್ಲ ಎಂದರು. ಒಪ್ಪದೆ ಬರೆದವರು ಎಚ್. ಆರ್. ಖನ್ನಾ ಒಬ್ಬರೇ.

ಅದಾದ ಕೆಲವೇ ದಿನಗಳಲ್ಲಿ ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿ ಅದೇ ಸೆಂಟ್ರಲ್ ಜೈಲಿಗೆ ತಂದರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಮ್ಮಲ್ಲಿ ಅನೇಕರು ಅವರನ್ನು ಬಲ್ಲೆವು. ಆಸ್ತಮಾ ಇದ್ದ ಆ ಹೆಣ್ಣುಮಗಳು ಎಂಟು ತಿಂಗಳು ಒಳಗಿದ್ದರು. ತಮ್ಮ ಉಸಿರೇ ನಿಲ್ಲುವಂತಿದ್ದಾಗಲೂ ಅಲ್ಲಿನ ಬಡ ಕೈದಿ ಹೆಂಗಸರ ಊಟಕ್ಕಾಗಿ, ಅವರಿಗೆ ಬೀಳುತ್ತಿದ್ದ ಏಟಿನ ವಿರುದ್ಧ ದನಿ ಎತ್ತಿದರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದು ದಿನಕ್ಕೆ, 20ರಂದು, ತೀರಿಕೊಂಡರು. ಅವರು ಒಳಗೆ ಬರೆದ ದಿನಚರಿ ಆಮೇಲೆ ಪುಸ್ತಕವಾಗಿ ಹೊರಬಂತು.

ದೊಡ್ಡವರು ಜೈಲು ಕಂಡು ಬಂದದ್ದರಿಂದ ಒಂದು ಉಪಕಾರವಾಯಿತು. ಒಳಗೆ ಏನು ನಡೆಯುತ್ತದೆ ಎಂಬುದು ಓದುಬರಹ ಬಲ್ಲವರಿಗೆ ಗೊತ್ತಾಯಿತು. 1978ರ ತಿದ್ದುಪಡಿಯಿಂದ, ತುರ್ತು ಪರಿಸ್ಥಿತಿಯಲ್ಲೂ 21ನೆಯ ಅನುಚ್ಛೇದವನ್ನು ಅಮಾನತಿನಲ್ಲಿಡುವಂತಿಲ್ಲ ಎಂದಾಯಿತು. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟು 2017ರಲ್ಲಿ ತಾನೇ ತಳ್ಳಿಹಾಕಿತು. ಆ ಪ್ರಕರಣದ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ತುರ್ತು ಪರಿಸ್ಥಿತಿ ಮುಗಿದ ಮೇಲಿನ ನಾಲ್ಕಾರು ವರ್ಷಗಳು ಕೈದಿಗಳ ಪಾಲಿಗೆ ಕಾಗದದ ಕಾಲ. ದಿಲ್ಲಿಯ ತಿಹಾರ್ ಜೈಲಿನಲ್ಲಿ ಗಲ್ಲುಶಿಕ್ಷೆಗೆ ಒಳಗಾಗಿದ್ದ ಸುನಿಲ್ ಬಾತ್ರಾ, ಪಕ್ಕದ ಕೈದಿಗೆ ಕೊಟ್ಟ ಹಿಂಸೆಯನ್ನು ಕಂಡು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನೇ ಅರ್ಜಿಯೆಂದು ತೆಗೆದುಕೊಂಡರು. ವಕಾಲತ್ತು, ಸ್ಟಾಂಪು ಏನೂ ಇಲ್ಲದ ಒಂದು ಕಾಗದಕ್ಕೆ ದೇಶದ ಅತಿ ದೊಡ್ಡ ನ್ಯಾಯಾಲಯ ಕಿವಿಗೊಟ್ಟಿತು.

1979ರ ಹುಸೇನಾರಾ ಖಾತೂನ್ ಪ್ರಕರಣವನ್ನು ಹೆಂಗಸರಾದ ನಾವು ವಿಶೇಷವಾಗಿ ನೆನೆಯಬೇಕು. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಆರಂಭವಾಗದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಗ್ಗೆ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿ, ಕಪಿಲಾ ಹಿಂಗೋರಾನಿ ಎಂಬ ವಕೀಲೆ ಕೋರ್ಟಿಗೆ ಹೋದರು. ತಪ್ಪು ಸಾಬೀತಾಗಿದ್ದರೆ ಎಷ್ಟು ಶಿಕ್ಷೆಯಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಕಾಲ ಒಳಗಿದ್ದವರು ಅವರಲ್ಲಿದ್ದರು. ಯಾವ ಅಪರಾಧವನ್ನೂ ಮಾಡದೆ, ಅನ್ಯಾಯಕ್ಕೆ ಒಳಗಾದವರು ಅಥವಾ ಸಾಕ್ಷಿ ಹೇಳಬೇಕಾದವರು ಎಂಬ ಕಾರಣಕ್ಕೆ ‘ರಕ್ಷಣೆ’ಯ ಹೆಸರಿನಲ್ಲಿ ಕೂಡಿಹಾಕಲ್ಪಟ್ಟ ಹೆಂಗಸರೂ ಇದ್ದರು. ಬೇಗ ವಿಚಾರಣೆ ನಡೆಯುವುದೂ 21ನೆಯ ಅನುಚ್ಛೇದದ ಭಾಗ ಎಂದು ನ್ಯಾಯಮೂರ್ತಿ ಭಗವತಿ ಹೇಳಿದರು. ಈ ಪ್ರಕರಣದಿಂದ ಕಾಲಕ್ರಮದಲ್ಲಿ ಬಿಡುಗಡೆಯಾದವರು ಸುಮಾರು 40,000 ಮಂದಿ.

1983ರಲ್ಲಿ ಇನ್ನೊಬ್ಬ ಮಹಿಳೆ, ಪತ್ರಕರ್ತೆ ಶೀಲಾ ಬರ್ಸೆ. ಮುಂಬಯಿ ಜೈಲಿನ ಕೈದಿ ಹೆಂಗಸರನ್ನು ಮಾತಾಡಿಸಿ ಅವರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅದರ ಫಲವಾಗಿ, ಹೆಂಗಸರನ್ನು ಇಡುವ ಲಾಕಪ್ಪು ಬೇರೆ ಇರಬೇಕು, ಕಾವಲಿಗೆ ಮಹಿಳಾ ಪೊಲೀಸರಿರಬೇಕು, ವಿಚಾರಿಸುವಾಗಲೂ ಮಹಿಳಾ ಪೊಲೀಸರು ಹಾಜರಿರಬೇಕು ಎಂದಾಯಿತು. 2006ರ ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ, ತಾಯಿಯ ಜೊತೆ ಒಳಗಿರುವ ಮಕ್ಕಳು ಆರು ವರ್ಷದವರೆಗೆ ಅವಳ ಬಳಿ ಇರಬಹುದು, ಅವರಿಗೆ ಬಾಲವಾಡಿ ಬೇಕು, ಸೆರೆಯಲ್ಲಿ ಹುಟ್ಟಿದ ಕೂಸಿನ ಜನನ ಪತ್ರದಲ್ಲಿ ಜೈಲಿನ ಹೆಸರು ಬರಕೂಡದು ಎಂದಿತು ಕೋರ್ಟು. ಕೂಸಿನ ಹಣೆಗೆ ಆ ಮುದ್ರೆ ಬೇಡ ಎಂಬ ಈ ಮಾತಿಗೆ ತಾಯಿಯ ಮನಸ್ಸು ಬೇಕು.

ಈ ಕಾಗದಗಳ ಸಾಲಿನಲ್ಲಿ ಕನ್ನಡ ನಾಡಿನಿಂದ ಹೋದದ್ದೂ ಒಂದಿದೆ. 1984ರಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನ ರಾಮಮೂರ್ತಿ ಎಂಬ ಕೈದಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದ. ಮೈಮುರಿದು ದುಡಿದರೂ ನ್ಯಾಯವಾದ ಕೂಲಿ ಕೊಡುವುದಿಲ್ಲ ಎಂಬುದು ಮುಖ್ಯ ದೂರು. ತಿನ್ನಲಾಗದ ಊಟ, ಹಿಂಸೆ ಎಂಬ ಮಾತುಗಳೂ ಇದ್ದವು. ಸ್ನೇಹಲತಾ ಇದ್ದ ಜೈಲು ಅದೇ. ಈಗ ಆ ಜಾಗದಲ್ಲಿ ಫ್ರೀಡಂ ಪಾರ್ಕ್ ಇದೆ. ಪತ್ರ ರಿಟ್ ಅರ್ಜಿಯಾಯಿತು. ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಹೋಗಿ ನೋಡಿ ವರದಿ ಕೊಟ್ಟರು. 1996ರ ಡಿಸೆಂಬರ್ 23ರಂದು ತೀರ್ಪು ಬಂತು. ನ್ಯಾಯಮೂರ್ತಿ ಹನ್ಸಾರಿಯಾ ಅವರು ಒಬ್ಬನ ದೂರಿನಿಂದ ಇಡೀ ದೇಶದ ಜೈಲುಗಳ ರೋಗವನ್ನು ಎಣಿಸಿದರು: ಕಿಕ್ಕಿರಿದ ಜನ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯ ಮತ್ತು ಶುಚಿತ್ವದ ಕಡೆಗಣನೆ, ಸಾಲದ ಊಟ ಬಟ್ಟೆ, ಒಳಗಿನ ದುಶ್ಚಟಗಳು, ಹೊರಗಿನವರೊಡನೆ ಸಂಪರ್ಕದ ಕೊರತೆ, ಜೈಲು ಭೇಟಿಯ ಅವ್ಯವಸ್ಥೆ, ಬಯಲು ಬಂದೀಖಾನೆಗಳ ನಿರ್ವಹಣೆ. ಒಟ್ಟು ಒಂಬತ್ತು. 1894ರ ಕಾಯಿದೆಯ ಜಾಗದಲ್ಲಿ ಹೊಸದು ಬೇಕು, ದೂರು ಪೆಟ್ಟಿಗೆ ಇಡುವುದನ್ನು ಆಲೋಚಿಸಿ ಎಂದೂ ಹೇಳಿದರು. ಪತ್ರಕ್ಕೂ ತೀರ್ಪಿಗೂ ನಡುವೆ ಹನ್ನೆರಡು ವರ್ಷ. ವಿಳಂಬವೂ ಒಂದು ರೋಗ ಎಂದ ತೀರ್ಪೇ ಇಷ್ಟು ತಡವಾಗಿ ಬಂದದ್ದನ್ನು ಏನೆನ್ನೋಣ!

ಅದಕ್ಕೆ ಐದೇ ದಿನ ಮುಂಚೆ, ಡಿ. ಕೆ. ಬಸು ಪ್ರಕರಣದಲ್ಲಿ, ಪೊಲೀಸರು ಯಾರನ್ನಾದರೂ ಬಂಧಿಸಿದರೆ ಅವನ ಮನೆಯವರಿಗೋ ಆಪ್ತರಿಗೋ ತಿಳಿಸಲೇಬೇಕು ಎಂಬ ಕಟ್ಟಳೆ ಬಂದಿತ್ತು. ಅದೂ ಒಂದು ಪತ್ರದಿಂದ ಹುಟ್ಟಿದ ಪ್ರಕರಣವೇ. ಮಗ ಎಲ್ಲಿದ್ದಾನೆಂದು ತಿಳಿಯದೆ ಠಾಣೆಯಿಂದ ಠಾಣೆಗೆ ಅಲೆಯುವ ತಾಯಿಗೆ ಕಾನೂನು ಕೊಟ್ಟ ಆಸರೆ ಅದು.

‘ತಪ್ಪು ಮಾಡಿದವರಿಗೆ ಇಷ್ಟೆಲ್ಲ ಯಾಕಮ್ಮ? ಏಟು ತಿಂದವರ ಗತಿ ಏನು?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಿಂಧನೂರಿನ ನೆರೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಕೇರಿಯ ಮೇಲೆ ದಾಳಿ ನಡೆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರು ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನ ಧಾರವಾಡ ಪೀಠ ಜಾಮೀನು ಕೊಟ್ಟಿತು. ಸುಟ್ಟ ಗುಡಿಸಲಿನ ಹೆಣ್ಣುಮಗಳು ನ್ಯಾಯದ ಮೊದಲ ಮಾತು ಕೇಳಲು ಹತ್ತು ವರ್ಷ ಕಾದಳು. ಆ ಹತ್ತು ವರ್ಷ ಆರೋಪಿಗಳ ಮನೆಯ ಹೆಂಗಸರ ತಲೆಯ ಮೇಲೂ ಕತ್ತಿ ತೂಗುತ್ತಿತ್ತು. ನನಗೆ ಅನಿಸುವುದು ಇಷ್ಟು: ವಿಚಾರಣೆ ಬೇಗ ಆಗಲಿ ಎನ್ನುವುದು ಕೈದಿಯ ಪಕ್ಷ ವಹಿಸಿದಂತಲ್ಲ. ಅದು ನೊಂದವಳ ಹಕ್ಕು ಮೊದಲು, ಕೈದಿಯ ಹಕ್ಕು ಆಮೇಲೆ. ತಪ್ಪಿತಸ್ಥನಿಗೆ ಕೋರ್ಟು ಎಷ್ಟು ಶಿಕ್ಷೆ ಹೇಳಿತೋ ಅಷ್ಟು ಆಗಲಿ. ಹಸಿವು, ಹೊಡೆತ, ರೋಗ ಇವು ಯಾವ ತೀರ್ಪಿನಲ್ಲೂ ಬರೆದ ಶಿಕ್ಷೆಗಳಲ್ಲ.

ಜೈಲಿನಲ್ಲಿರುವವರೆಲ್ಲ ತಪ್ಪಿತಸ್ಥರೆಂದು ತಿಳಿಯುವುದೂ ತಪ್ಪು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು; ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ ನಾಲ್ವರಲ್ಲಿ ಮೂವರು, ತಪ್ಪು ಮಾಡಿದ್ದಾರೆಂದು ಯಾವ ನ್ಯಾಯಾಧೀಶರೂ ಇನ್ನೂ ಹೇಳದವರು. ನೂರು ಮಂದಿಯ ಜಾಗದಲ್ಲಿ 131 ಮಂದಿ ಮಲಗುವ ಲೆಕ್ಕ. ಜಾಮೀನು ಸಿಕ್ಕರೂ ಹೊರಬರಲಾಗದವರು ಇವರಲ್ಲಿ ಇದ್ದಾರೆ. ನಮ್ಮ ಸಿಂಧನೂರು ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಊರುಗಳಿಗೆ ಭತ್ತವಿದೆ. ನೀರು ಕಾಣದ ಊರುಗಳವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅಲ್ಲಿ ಕಟ್ಟಡದ ಕೆಲಸದವನೊಬ್ಬ ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದರೆ ಅವನಿಗೆ ಆ ಊರಿನಲ್ಲಿ ಪಹಣಿ ತಂದು ನಿಲ್ಲುವವರು ಯಾರು? 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣದಲ್ಲಿ ಇದೇ ಆಯಿತು. 10,000 ರೂಪಾಯಿಯ ಜಾಮೀನು ಕೇಳಿ, ಅವನ ತಮ್ಮ ಬೇರೆ ಜಿಲ್ಲೆಯವನೆಂದು ಆ ಜಾಮೀನನ್ನು ಕೆಳಗಿನ ಕೋರ್ಟು ಒಪ್ಪಲಿಲ್ಲ. ಕೃಷ್ಣ ಅಯ್ಯರ್ ಅದನ್ನು ತಪ್ಪೆಂದು ಹೇಳಿ, 1,000 ರೂಪಾಯಿಗೆ ಅವನದೇ ಮುಚ್ಚಳಿಕೆಯ ಮೇಲೆ ಬಿಡುವಂತೆ ಆಜ್ಞೆ ಮಾಡಿದರು.

ಕಾನೂನು ನಿಂತಲ್ಲೇ ನಿಂತಿಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಯಾವ ಅಪರಾಧವೂ ಸಾಬೀತಾಗಿರದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಒಳಗೆ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ ಅವಧಿ. ಗಲ್ಲು ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಬೇರೆ ಕೇಸುಗಳು ಬಾಕಿ ಇರುವವರಿಗೆ ಇದು ಸಲ್ಲುವುದಿಲ್ಲ. ಕೋರ್ಟಿಗೆ ಅರ್ಜಿ ಬರೆಯುವ ಹೊಣೆ ಜೈಲಿನ ಅಧಿಕಾರಿಯದು. ಅದೇ ವರ್ಷ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ತಂದ ಪ್ರಕರಣದಲ್ಲಿ, ಜೈಲಿನೊಳಗೆ ಜಾತಿ ನೋಡಿ ಅಡುಗೆ, ಕಸ, ಪಾಯಖಾನೆಯ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಹಿಂಗೋರಾನಿ, ಬರ್ಸೆ, ಈಗ ಸುಕನ್ಯಾ. ಈ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದವರು ಹೆಂಗಸರು ಎಂಬುದನ್ನು ಗಮನಿಸಬೇಕು.

ಸನ್ನತಿಯ ಆ ಕಲ್ಲಿನ ಮಾತನ್ನು ಓದದೆಯೇ ಜನ ಅದಕ್ಕೆ ಕೈಮುಗಿದರು. ಮೇಲಿದ್ದ ದೇವಿಗೆ ಕುಂಕುಮ ಏರಿತು, ಕಾಯಿ ಒಡೆಯಿತು. ಇಷ್ಟೆಲ್ಲ ತೀರ್ಪುಗಳ ಕಥೆಯೂ ಬಹುಮಟ್ಟಿಗೆ ಹಾಗೆಯೇ ಆಗಿದೆ. ಗೌರವವಿದೆ, ಓದಿದವರು ಕಡಿಮೆ. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ತಾಲ್ಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಎಂಬುದೊಂದಿದೆ. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೂ ಬಂಧನದಲ್ಲಿರುವವರಿಗೂ ವರಮಾನದ ಲೆಕ್ಕ ಕೇಳದೆ ಅಲ್ಲಿ ವಕೀಲರನ್ನು ಪುಕ್ಕಟೆಯಾಗಿ ಕೊಡಬೇಕು. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ಬೇವಿನ ಮರದ ಕೆಳಗೆ ಕುಳಿತವಳಿಗೆ ಈ ಮಾತು ಗೊತ್ತಿಲ್ಲದಿದ್ದರೆ ಅವಳು ಇನ್ನೊಂದು ಆಡು ಮಾರುತ್ತಾಳೆ. ಅವಳ ಓಣಿಯಲ್ಲಿ ನಾಲ್ಕಕ್ಷರ ಬಲ್ಲ ನಾವು ಇದ್ದೇವಲ್ಲ. ಮನೆಗೆಲಸಕ್ಕೆ ಬರುವವಳೋ, ಸೊಪ್ಪು ಮಾರಲು ಬರುವವಳೋ ಕಣ್ಣೊರೆಸಿಕೊಳ್ಳುತ್ತಾ ಬಂದ ದಿನ ಅವಳಿಗೆ ಚಹಾ ಕೊಟ್ಟು ಕೂಡಿಸಿ ಇದನ್ನು ಹೇಳಬಹುದು. ಬೇಕಾದರೆ ಅರ್ಜಿಯನ್ನೂ ಬರೆದುಕೊಡಬಹುದು.